ಎರಡು ಬಳೆ, ನಡುವೆ ಒಂದು ಲೋಹ: ನಮ್ಮ ಲ್ಯಾಬಿಗೆ ಯಾವುದು ಸರಿ?

ಮುಂದಿನ ವರ್ಷ ಎಂಎಸ್ಸಿ ಹುಡುಗರಿಗೆ ಸ್ಯಾಂಡ್‌ವಿಚ್ ಕಾಂಪ್ಲೆಕ್ಸ್ (ಬಳೆಯಂಥ ಎರಡು ಅಣುಗಳ ನಡುವೆ ಲೋಹ ಕೂತ ಸಂಯುಕ್ತ) ಪ್ರಾಜೆಕ್ಟ್ ಕೊಟ್ಟರೆ ನಾನು ತರಿಸುವುದು ಬೆಂಜೊ-15-ಕ್ರೌನ್-5 ಎಂಬ ಆಕ್ಸಿಜನ್ ಬಳೆ ಮಾತ್ರ. ಈ ಸಲ ಲುಟೀಷಿಯಂ ಎಂಬ ಲೋಹದ ಲವಣ, ಲುಟೀಷಿಯಂ ಅಸಿಟೇಟಿಗೆ ಸುರಿದ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಸೆ ಇದ್ದದ್ದು ಥಾಲೊಸಯನೀನ್ (ನೈಟ್ರೋಜನ್ ಇರುವ ಬಣ್ಣದ ದೊಡ್ಡ ಬಳೆ) ಸ್ಯಾಂಡ್‌ವಿಚ್ ಮೇಲೆ. 8 ಥಾಲೊನೈಟ್ರೈಲ್ ಅಣುಗಳು ನಾಲ್ಕು ನಾಲ್ಕಾಗಿ ಕೂಡಿ ಲುಟೀಷಿಯಂಗೆ ಮೇಲೊಂದು, ಕೆಳಗೊಂದು ಬಳೆ ಕಟ್ಟುತ್ತವೆ. ಹೆಕ್ಸನಾಲಿನಲ್ಲಿ ಡಿಬಿಯು ಎಂಬ ಪ್ರತ್ಯಾಮ್ಲ ಹಾಕಿ ಕುದಿಸಿದೆವು. ನಮಗೆ ಬೇಕಿದ್ದ ಹಸಿರು ಸ್ಯಾಂಡ್‌ವಿಚ್ ಬಂತು. ಲೋಹವೇ ಇಲ್ಲದ ನೀಲಿ ಥಾಲೊಸಯನೀನೂ ಬಂತು, ಅದೇ ಜಾಸ್ತಿ.

ಹಸಿರು ಡೈಕ್ಲೋರೊಮೀಥೇನಿನಲ್ಲಿ ಕರಗುತ್ತದೆ, ನೀಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ದ್ರಾವಕವನ್ನು ಕುದಿಸಿ, ತಣಿಸಿ ಮತ್ತೆ ಮತ್ತೆ ಪುಡಿಯ ಮೇಲೆ ಸುರಿಸುವ ಸಾಕ್ಸ್‌ಲೆಟ್‌ಗೆ ಹಾಕಿದರೆ ಮುಗೀತು, ಅಲ್ವಾ? ಆದರೆ ಇದು ಬಳ್ಳಾರಿ, ಅದೂ ಏಪ್ರಿಲ್. ಡೈಕ್ಲೋರೊಮೀಥೇನ್ ಕುದಿಯುವುದೇ ಸುಮಾರು 40 ಡಿಗ್ರಿಗೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಕಂಡೆನ್ಸರಿಗೆ ಬರುವ ನೀರಿಗೆ ಥರ್ಮಾಮೀಟರ್ ಇಟ್ಟರೆ 41! ಆವಿ ತಣಿಯಲೇ ಇಲ್ಲ. ದ್ರಾವಕ ಎಲ್ಲ ಫ್ಯೂಮ್ ಹುಡ್‌ನಲ್ಲಿ ಹಾರಿಹೋಗಿ ಫ್ಲಾಸ್ಕಿನ ತಳ ಒಣಗಿತು.

ಮರುದಿನ ಮನೆಯ ಕೂಲರಿನ ಪಂಪ್ ಬಿಚ್ಚಿಕೊಂಡು ಬಂದೆ. ಬಕೆಟ್ಟಿಗೆ ಐಸ್ ಸುರಿದು ಆ ನೀರನ್ನೇ ಸುತ್ತಿಸಿದೆವು. ಗಂಟೆಗೊಮ್ಮೆ ಐಸ್ ತರಲು ಒಬ್ಬ ಹುಡುಗ ಸೈಕಲ್ ತುಳಿದ. ಎರಡು ಸಲ ಕರೆಂಟ್ ಹೋಯಿತು. ಪುಣ್ಯಕ್ಕೆ ಹೀಟರೂ ಜೊತೆಗೇ ಆರಿತು. ಸಂಜೆ ಮನೆಯಲ್ಲಿ ಕೂಲರ್ ಇಲ್ಲದೆ ನನಗೆ ಸಿಕ್ಕ ಮಂಗಳಾರತಿ ಬೇರೆ. ಆಮೇಲೆ ಕಾಲಂ, ಅಂದರೆ ಉಳಿದ ಕಲ್ಮಶ ಬೇರ್ಪಡಿಸುವ ಕೊಳವೆ. ಕೊನೆಗೆ ಕೈಗೆ ಬಂದದ್ದು ಉಗುರಿನ ತುದಿಯಷ್ಟು ಹಸಿರು ಪುಡಿ.

ಕ್ರೌನ್ ಕಥೆ ಚಿಕ್ಕದು. ಎರಡು ಪಾಲು ಕ್ರೌನ್, ಒಂದು ಪಾಲು ಪೊಟಾಷಿಯಂ ಅಯೊಡೈಡ್, ಮೋಲ್ ಲೆಕ್ಕದಲ್ಲಿ. ಬಿಸಿ ಮೆಥನಾಲಿನಲ್ಲಿ ಕರಗಿಸಿ, ಸೋಸಿ, ತೂತು ಮಾಡಿದ ಫಾಯಿಲ್ ಮುಚ್ಚಿ ಮೂಲೆಯಲ್ಲಿಟ್ಟೆವು. ನಾಲ್ಕನೇ ದಿನ ಹರಳು. ಗ್ಲೌಸ್ ಮಾತ್ರ ಬಿಡಬೇಡಿ.

ಅಗ್ಗ ಅಂತ ಇನ್ನೂ ದೊಡ್ಡ ಬಳೆಯಾದ 18-ಕ್ರೌನ್-6 ತರಿಸಬೇಡಿ. ಪೊಟಾಷಿಯಂ ಅದರ ತೂತಿನಲ್ಲಿ ಸರಿಯಾಗಿ ಕೂತುಬಿಡುತ್ತದೆ, ಎರಡನೇ ಬಳೆ ಅದಕ್ಕೆ ಬೇಕಿಲ್ಲ. 15-ಕ್ರೌನ್-5ರ ತೂತು ಸುಮಾರು 2 ಆಂಗ್‌ಸ್ಟ್ರಾಂ, ಪೊಟಾಷಿಯಂ 2.7ರ ಹತ್ತಿರ. ಒಳಗೆ ಹಿಡಿಯದೆ ಹೊರಗೆ ಉಳಿಯುತ್ತದೆ, ಆಗ ಇನ್ನೊಂದು ಬಳೆ ಆ ಕಡೆಯಿಂದ ಬಂದು ಮುಚ್ಚುತ್ತದೆ. ಲೋಹದ ಸುತ್ತ ಒಟ್ಟು 10 ಆಕ್ಸಿಜನ್. ಇದೇ ಹರಳಿನ ಎಕ್ಸ್-ರೇ ರಚನೆ 1972ರಲ್ಲೇ ಪ್ರಕಟವಾಗಿದೆ, ಹಾಗಾಗಿ ಹೋಲಿಸಿ ನೋಡಲು ಆಧಾರವೂ ಉಂಟು.

ಥಾಲೊಸಯನೀನ್ ಸ್ಯಾಂಡ್‌ವಿಚ್‌ನಲ್ಲಿ ಲೋಹದ ಸುತ್ತ 8 ನೈಟ್ರೋಜನ್. ಒಂದು ಬಳೆ ಇನ್ನೊಂದಕ್ಕಿಂತ ಸುಮಾರು 45 ಡಿಗ್ರಿ ತಿರುಗಿ ಕೂರುತ್ತದೆ. ಎರಡೂ ತಟ್ಟೆಯಂತೆ ಹೊರಕ್ಕೆ ಬಾಗಿರುತ್ತವೆ. ಅಂದದಲ್ಲಿ ಅದೇ ಮುಂದೆ, ಒಪ್ಪುತ್ತೇನೆ. ಎಲೆಕ್ಟ್ರಾನ್ ಕೊಟ್ಟರೆ ಹಸಿರು ಹೋಗಿ ನೀಲಿ, ಕಿತ್ತುಕೊಂಡರೆ ಕೆಂಪು. ಕ್ರೌನ್ ಹರಳಿಗೆ ಬಣ್ಣವೇ ಇಲ್ಲ.

ತಣ್ಣೀರಿನ ಚಿಲ್ಲರ್ ಇದ್ದು, ದುಡ್ಡು ಬೇರೆಯವರು ಕೊಡುವುದಾದರೆ ಥಾಲೊಸಯನೀನ್ ಮಾಡಿ. ಇಲ್ಲದಿದ್ದರೆ ಡಿಸೆಂಬರ್‌ವರೆಗೆ ಕಾಯಿರಿ. ನಮ್ಮ ಪಂಪ್ ಅಂತೂ ಮನೆಗೆ ವಾಪಸ್ ಹೋಗಿದೆ.