ಅರ್ಲಿಯ 1930ರ ಸೆಮಿಯೋ, ಶಿನ್‌ಫೀಲ್ಡಿನ ಹೊಸ ಮನೆಯೋ: ನನ್ನ ಓಟು ಹಳೆಯದಕ್ಕೇ

ಇಂಗ್ಲೆಂಡಿನ ರೆಡಿಂಗ್ ಊರಂಚಿನಲ್ಲಿ ಮನೆ ಹುಡುಕುವ ಸಂಸಾರಸ್ಥರ ಮುಂದೆ ಕೊನೆಗೆ ಉಳಿಯುವುದು ಹೆಚ್ಚಾಗಿ ಎರಡೇ ಬಗೆ. ಒಂದು, ಅರ್ಲಿ, ಟೈಲ್‌ಹರ್ಸ್ಟ್ ಕಡೆಯ 1930ರ ದಶಕದ ಸೆಮಿ ಡಿಟ್ಯಾಚ್ಡ್, ಅಂದರೆ ಪಕ್ಕದ ಮನೆಯೊಂದಿಗೆ ಒಂದು ಗೋಡೆ ಹಂಚಿಕೊಂಡ ಜೋಡಿಮನೆ: ಮುಂದೆ ಉಬ್ಬಿದ ಬೇ ಕಿಟಕಿ, ಹಿಂದೆ ಉದ್ದನೆಯ ತೋಟ. ಇನ್ನೊಂದು, ಶಿನ್‌ಫೀಲ್ಡಿನ ಹೊಲಗಳ ಮೇಲೆ, ಆರ್ಬರ್‌ಫೀಲ್ಡಿನ ಹಳೆಯ ಸೇನಾ ನೆಲೆಯ ಮೇಲೆ ಎದ್ದಿರುವಂಥ ಹೊಸ ಎಸ್ಟೇಟಿನ ಡಿಟ್ಯಾಚ್ಡ್, ಅಂದರೆ ಗೋಡೆ ಹಂಚಿಕೊಳ್ಳದ ಒಂಟಿ ಮನೆ. ಎರಡೂ ಕಡೆ ಸಂಜೆ ಏಳರ ಮೇಲೆ ರಸ್ತೆ ನಿಶ್ಶಬ್ದ. ಎರಡರಲ್ಲೂ ಇದ್ದು, ಎರಡರ ಬಿಲ್ಲನ್ನೂ ಕಟ್ಟಿದ ಮೇಲೆ ನನ್ನ ಆಯ್ಕೆ ಹಳೆಯ ಸೆಮಿ. ಹೊಸ ಮನೆ ಕೆಟ್ಟದ್ದಲ್ಲ. ಅದರ ಜೊತೆ ಬರುವ ಕಾಗದ ಕೆಟ್ಟದ್ದು.

ಆ ಕಾಗದದ ಹೆಸರು ಟಿಪಿ1. ದೊಡ್ಡ ಜಮೀನಿನ ಒಂದು ತುಂಡನ್ನು ನಿಮಗೆ ವರ್ಗಾಯಿಸುವ ಪತ್ರ. ಬ್ರೋಷರಿನಲ್ಲಿ ‘ಫ್ರೀಹೋಲ್ಡ್’, ಅಂದರೆ ಮನೆಯೂ ಜಾಗವೂ ನಿಮ್ಮದೇ, ಅಂತ ದೊಡ್ಡಕ್ಷರದಲ್ಲಿರುತ್ತದೆ. ಒಳಗೆ ನೋಡಿದರೆ ಎಸ್ಟೇಟಿನ ರಸ್ತೆ, ಹುಲ್ಲುಹಾಸು, ಮಕ್ಕಳ ಆಟದ ಜಾಗ, ಮಳೆನೀರು ನಿಲ್ಲುವ ಹೊಂಡ ಇಷ್ಟರ ನಿರ್ವಹಣೆಯನ್ನೂ ಒಂದು ಖಾಸಗಿ ಕಂಪನಿಗೆ ಒಪ್ಪಿಸಿ, ಖರ್ಚನ್ನು ಮನೆಮನೆಗೆ ಹಂಚಿರುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಮೇಂಟೆನೆನ್ಸ್ ಕಟ್ಟುತ್ತೇವಲ್ಲ ಅನ್ನಬಹುದು. ಅಲ್ಲಿ ಅಸೋಸಿಯೇಷನ್ ಸಭೆಯಲ್ಲಿ ಜಗಳವಾಡಿ ಏಜೆನ್ಸಿಯನ್ನು ಬದಲಾಯಿಸಬಹುದು. ಇಲ್ಲಿ ಕಂಪನಿಯ ಹೆಸರೇ ಟಿಪಿ1ನಲ್ಲಿ ಅಚ್ಚಾಗಿದ್ದರೆ, ನಿವಾಸಿಗಳೆಲ್ಲ ಒಟ್ಟಾದರೂ ಅದನ್ನು ಕಳಿಸುವುದು ಕಷ್ಟ. ಕೌನ್ಸಿಲ್ ಟ್ಯಾಕ್ಸಿನಲ್ಲಿ ಒಂದು ಪೆನ್ಸೂ ಕಡಿಮೆಯಾಗುವುದಿಲ್ಲ. ಅರ್ಲಿಯೂ ಶಿನ್‌ಫೀಲ್ಡೂ ಒಂದೇ ವೋಕಿಂಗ್‌ಹ್ಯಾಮ್ ಕೌನ್ಸಿಲಿಗೆ ಸೇರಿದವು. ಅರ್ಲಿಯವರ ರಸ್ತೆಯ ಗುಂಡಿಯನ್ನು ಕೌನ್ಸಿಲ್ ಮುಚ್ಚುತ್ತದೆ. ಹೊಸ ಎಸ್ಟೇಟಿನ ಖಾಸಗಿ ರಸ್ತೆಯಲ್ಲಿರುವವರು ಅದೇ ತೆರಿಗೆ ಕಟ್ಟಿ, ಗುಂಡಿಗೆ ಮತ್ತೆ ಕಟ್ಟುತ್ತಾರೆ.

ಇದು ಎಲ್ಲೋ ಒಂದೆರಡು ಕಡೆಯ ಕಥೆಯಲ್ಲ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ 2024ರ ಫೆಬ್ರವರಿಯ ವರದಿಯಲ್ಲಿ ಹೇಳಿದಂತೆ, 2021-22ರಲ್ಲಿ 11 ದೊಡ್ಡ ಬಿಲ್ಡರುಗಳು ಮಾರಿದ ಹೊಸ ಮನೆಗಳಲ್ಲಿ ಶೇ. 80ಕ್ಕೆ ಇಂಥ ಶುಲ್ಕವಿತ್ತು. ಸರಾಸರಿ ವರ್ಷಕ್ಕೆ 350 ಪೌಂಡ್. ಮೊತ್ತ ದೊಡ್ಡದಲ್ಲ, ನಿಜ. ಆದರೆ ಅದಕ್ಕೆ ಮಿತಿಯಿಲ್ಲ, ದೊಡ್ಡ ರಿಪೇರಿ ಬಂದಾಗ ಒಂದೇ ಸಲಕ್ಕೆ ಸಾವಿರಗಟ್ಟಲೆ ಬರಬಹುದು. ಶುಲ್ಕವನ್ನು ಪ್ರಶ್ನಿಸುವ ಹಕ್ಕು ಕೊಡುವ ಕಾಯ್ದೆ 2024ರಲ್ಲಿ ಪಾಸಾಯಿತು. ಅದರ ಭಾಗಗಳು ಹಂತಹಂತವಾಗಿ ಜಾರಿಯಾಗುವಂಥವು, ಹಾಗಾಗಿ ನೀವು ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆ ಎಂದು ಸಾಲಿಸಿಟರನ್ನೇ, ಅಂದರೆ ನಿಮ್ಮ ಆಸ್ತಿ ವಕೀಲರನ್ನೇ, ಕೇಳಬೇಕು.

ನಿಜವಾದ ಕಿರಿಕಿರಿ ಶುರುವಾಗುವುದು ಮಾರಲು ಹೊರಟಾಗ. ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ‘ಕಂಪನಿಯ ಸರ್ಟಿಫಿಕೇಟ್ ಇಲ್ಲದೆ ವರ್ಗಾವಣೆ ನೋಂದಾಯಿಸಕೂಡದು’ ಎಂಬ ನಿರ್ಬಂಧ ಕೂತಿರುತ್ತದೆ. ಸರ್ಟಿಫಿಕೇಟಿಗೆ ಒಂದು ಫೀ, ಮಾಹಿತಿಯ ಪ್ಯಾಕಿಗೆ ಒಂದು ಫೀ, ಹೊಸ ಮಾಲೀಕ ಸಹಿ ಹಾಕುವ ಒಪ್ಪಂದಕ್ಕೆ ಇನ್ನೊಂದು. ಪ್ಯಾಕ್ ಬರುವುದಕ್ಕೆ ವಾರಗಟ್ಟಲೆ ಹಿಡಿದರೆ ನಿಮ್ಮ ಹಿಂದೆ ಮುಂದೆ ಇರುವ ಇಡೀ ಚೈನ್, ಅಂದರೆ ಒಬ್ಬರ ಮಾರಾಟಕ್ಕೆ ಇನ್ನೊಬ್ಬರ ಖರೀದಿ ಜೋತುಬಿದ್ದ ಸರಣಿ, ಕಾಯುತ್ತಾ ಕೂರುತ್ತದೆ. ಶುಲ್ಕವನ್ನು ರೆಂಟ್‌ಚಾರ್ಜ್, ಅಂದರೆ ಜಾಗಕ್ಕೇ ಅಂಟಿಕೊಂಡ ಪಾವತಿಯ, ರೂಪದಲ್ಲಿ ಇಟ್ಟಿದ್ದರಂತೂ 1925ರ ಆಸ್ತಿ ಕಾಯ್ದೆಯ 121ನೇ ಸೆಕ್ಷನ್ ಎದ್ದು ಬರುತ್ತದೆ: ಬಾಕಿ 40 ದಿನ ದಾಟಿದರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ವಸೂಲಿಗಾಗಿ ನಿಮ್ಮ ಮನೆಯ ಮೇಲೆ ಲೀಸ್ ಹುಟ್ಟಿಸುವ ಅಧಿಕಾರ. ಈ ಭಯಕ್ಕೇ ಕೆಲವು ಬ್ಯಾಂಕುಗಳು ಕೊಳ್ಳುವವರಿಗೆ ಸಾಲ ಕೊಡಲು ಒಪ್ಪುವುದಿಲ್ಲ. ಆಗ ‘ಡೀಡ್ ಆಫ್ ವೇರಿಯೇಷನ್’ ಎಂಬ ತಿದ್ದುಪಡಿ ಪತ್ರ ಮಾಡಿಸಿ ಆ ಸೆಕ್ಷನ್ನನ್ನು ಕಟ್ಟಿಹಾಕಬೇಕು. ಖರ್ಚು ಮಾರುವವರದ್ದೇ.

ಇಷ್ಟು ಬೈದ ಮೇಲೆ ಹೊಸ ಮನೆಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಇಪಿಸಿ, ಅಂದರೆ ಮನೆಯ ಶಕ್ತಿ ಬಳಕೆಯ ದರ್ಜೆ, ಸಾಮಾನ್ಯವಾಗಿ ಬಿ. ಸೆಮಿಯದ್ದು ಡಿ ಆಸುಪಾಸು. ಚಳಿಗಾಲದ ಗ್ಯಾಸ್ ಬಿಲ್ಲಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹೊಸ ಮನೆಗಳಿಗೆ ವಾರಂಟಿ ಕೊಡುವ ಸಂಸ್ಥೆ ಎನ್‌ಎಚ್‌ಬಿಸಿಯ ವಾರಂಟಿ 10 ವರ್ಷ. ಮೊದಲ 2 ವರ್ಷ ದೋಷಗಳಿಗೆ ಬಿಲ್ಡರೇ ಹೊಣೆ, ಆಮೇಲೆ ಮುಖ್ಯವಾಗಿ ಕಟ್ಟಡದ ದೊಡ್ಡ ದೋಷಗಳಿಗೆ ಮಾತ್ರ. ಅದಕ್ಕೇ ಸ್ನ್ಯಾಗಿಂಗ್ ಪಟ್ಟಿಯನ್ನು, ಅಂದರೆ ಸರಿಪಡಿಸಬೇಕಾದ ಚಿಕ್ಕಪುಟ್ಟ ದೋಷಗಳ ಪಟ್ಟಿಯನ್ನು, ಈಮೇಲಿನಲ್ಲಿ, ಫೋಟೊ ಸಮೇತ ಕೊಡಿ. ಸೈಟ್ ಮ್ಯಾನೇಜರಿಗೆ ಬಾಯಲ್ಲಿ ಹೇಳಿದ್ದು ನೀರಲ್ಲಿ ಹೋಮ. ಸದ್ದಿನ ವಿಷಯದಲ್ಲೂ ಡಿಟ್ಯಾಚ್ಡ್ ಮನೆಯೇ ಮೇಲು. 1930ರ ಸೆಮಿಗಳಲ್ಲಿ ಪಕ್ಕದವರ ಮತ್ತು ನಿಮ್ಮ ನಡುವೆ ಇರುವುದು ಹೆಚ್ಚಾಗಿ ಒಂಬತ್ತು ಇಂಚಿನ ಒಂದೇ ಗೋಡೆ. ಮಹಡಿಯ ಮರದ ತೊಲೆಗಳ ತುದಿ ಅದರೊಳಗೇ ಕೂತಿದ್ದರೆ ಹೆಜ್ಜೆ ಸದ್ದೂ ದಾಟುತ್ತದೆ. ರಾತ್ರಿ ಒಂಬತ್ತರ ಮೇಲೆ ಇಡ್ಲಿಹಿಟ್ಟು ರುಬ್ಬುವ ಅಭ್ಯಾಸವಿದ್ದರೆ ಗ್ರೈಂಡರನ್ನು ಆ ಗೋಡೆಗೆ ತಾಗಿಸಿ ಇಡಬೇಡಿ.

ಒಗ್ಗರಣೆಗೆ ಮಾತ್ರ ಹಳೆಯ ಮನೆಯೇ ಸರಿ. ಹೊಸ ಮನೆಗಳಲ್ಲಿ ಅಡುಗೆಮನೆ, ಊಟದ ಜಾಗ ಎಲ್ಲ ಒಂದೇ ಹಾಲ್. ಒಲೆಯ ಮೇಲಿನ ಹುಡ್ ಎಷ್ಟೋ ಕಡೆ ಹೊಗೆಯನ್ನು ಇದ್ದಿಲಿನ ಫಿಲ್ಟರಿನಿಂದ ಹಾಯಿಸಿ ಮತ್ತೆ ಒಳಗೇ ಬಿಡುವಂಥದ್ದು. ಅಲಾರಂಗಳು ಒಂದಕ್ಕೊಂದು ಜೋಡಿಸಿರುತ್ತವೆ, ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಘಾಟು ಹಜಾರದ ಅಲಾರಂ ತಲುಪಿದರೆ ಮನೆಯಲ್ಲಿರುವಷ್ಟೂ ಒಟ್ಟಿಗೆ ಕೂಗುತ್ತವೆ. ಸೆಮಿಯ ಅಡುಗೆಮನೆ ಇಕ್ಕಟ್ಟು, ಆದರೆ ಅದಕ್ಕೊಂದು ಬಾಗಿಲಿದೆ, ಹೊರಗೋಡೆಯಿದೆ. ಗೋಡೆ ಕೊರೆಸಿ 150 ಮಿ.ಮೀ. ಪೈಪಿನ, ಹೊರಗೆ ಹೊಗೆ ಬಿಡುವ ಹುಡ್ ಹಾಕಿಸಿದರೆ ಮುಗಿಯಿತು.

ಸೆಮಿ ಕೊಳ್ಳುವವರು ಹೆದರಬೇಕಾದ್ದು ನೆಲಕ್ಕೆ. ಇಂಥ ಮನೆಗಳಲ್ಲಿ ಹಲವದರ ಕೆಳಮಹಡಿಯ ಹಲಗೆ ನೆಲ ಮರದ ತೊಲೆಗಳ ಮೇಲೆ ತೇಲುತ್ತಿರುತ್ತದೆ. ಅಡಿಯಲ್ಲಿ ಗಾಳಿಯಾಡಲೆಂದು ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ, ಅಂದರೆ ಏರ್‌ಬ್ರಿಕ್, ಇಟ್ಟಿರುತ್ತಾರೆ. ಹಿಂದಿನ ಮಾಲೀಕರು ಕಾರು ನಿಲ್ಲಿಸಲು ಹಳೆಯ ಕಾಂಕ್ರೀಟಿನ ಮೇಲೇ ಬ್ಲಾಕ್ ಹಾಸಿಸಿದರೆ ನೆಲಮಟ್ಟ ಏರಿ ಏರ್‌ಬ್ರಿಕ್ ಹೂತುಹೋಗುತ್ತದೆ. ಗಾಳಿ ನಿಂತು ತೊಲೆಯ ತುದಿ ಕೊಳೆಯುತ್ತದೆ. ನೋಡುವ ಬಗೆ ಸುಲಭ: ಹೊರಗಿನ ನೆಲಕ್ಕೂ ಗೋಡೆಯ ತೇವ ತಡೆಯುವ ಪದರಕ್ಕೂ ಎರಡು ಸಾಲು ಇಟ್ಟಿಗೆಯ ಅಂತರ, ಸುಮಾರು 150 ಮಿ.ಮೀ., ಇರಬೇಕು. ಮುಂದಿನ ಕೋಣೆಯಲ್ಲಿ ಬೇ ಕಿಟಕಿಯ ಬಳಿ ಹಿಮ್ಮಡಿಯ ಮೇಲೆ ಒಮ್ಮೆ ಕುಕ್ಕಿ ನೋಡಿ. ನೆಲ ಮೆತ್ತಗೆ ಕುಗ್ಗಿದರೆ ಕಾರ್ಪೆಟ್ಟಿನ ಕೆಳಗೆ ಕೆಲಸವಿದೆ. ತೇವ ಅಂದಕೂಡಲೇ ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಮಾರುವವರು ಬರುತ್ತಾರೆ, ಒಪ್ಪಬೇಡಿ. ಮೊದಲು ಗೋಡೆಯುದ್ದಕ್ಕೂ ಕಾಲುವೆ ಅಗೆಸಿ ಜಲ್ಲಿ ತುಂಬಿಸಿ, ಏರ್‌ಬ್ರಿಕ್ ಬಿಡಿಸಿ.

ಸೆಮಿ ಕೊಳ್ಳುವ ಮೊದಲು ಸರ್ವೇ ಆರ್‌ಐಸಿಎಸ್ ಲೆವೆಲ್ 3, ಅಂದರೆ ಕಟ್ಟಡದ ಅತಿ ವಿವರವಾದ ತಪಾಸಣೆಯನ್ನೇ ಮಾಡಿಸಿ, ಅದರಲ್ಲಿ ಜುಗ್ಗತನ ಬೇಡ. ಕೆಳಗೆ ಚಿಮಣಿ ಒಡೆಸಿ ಜಾಗ ಮಾಡಿಕೊಂಡಿದ್ದರೆ ಮೇಲೆ ಉಳಿದ ಭಾರವನ್ನು ಏನು ಹೊತ್ತಿದೆ, ಬಿಲ್ಡಿಂಗ್ ಕಂಟ್ರೋಲ್ ಸರ್ಟಿಫಿಕೇಟ್ ಎಲ್ಲಿದೆ ಎಂದು ಕೇಳಿ. ಗುಳಿಗುಳಿ ಆರ್ಟೆಕ್ಸ್ ಲೇಪದ ಒಳಛಾವಣಿಯನ್ನು ಪರೀಕ್ಷೆ ಮಾಡಿಸದೆ ಕೆರೆಯಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ.

ವಿಸ್ತರಣೆ: ಸೆಮಿಯ ಹಿಂದೆ 3 ಮೀಟರ್ ಒಂದಂತಸ್ತು ಸಾಮಾನ್ಯವಾಗಿ ಪ್ಲಾನಿಂಗ್ ಅರ್ಜಿಯಿಲ್ಲದೆ ಕಟ್ಟಬಹುದು. ಹೊಸ ಎಸ್ಟೇಟುಗಳಲ್ಲಿ ಈ ಹಕ್ಕನ್ನು ಎಷ್ಟೋ ಸಲ ಮೊದಲೇ ಕಿತ್ತುಕೊಂಡಿರುತ್ತಾರೆ.

ಬಸ್ಸು: ಅರ್ಲಿ ಕಡೆಯ ವೋಕಿಂಗ್‌ಹ್ಯಾಮ್ ರಸ್ತೆಯ 17ನೇ ನಂಬರಿಗೆ ಟೈಮ್‌ಟೇಬಲ್ ನೋಡುವ ಅಗತ್ಯವಿಲ್ಲ.

ಯಾವುದನ್ನೇ ಕೊಂಡರೂ ಒಂದು ಲೆಕ್ಕ ಮೊದಲೇ ಹಾಕಿಕೊಳ್ಳಿ. ಗಂಡ ಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಿ ಬೆಂಗಳೂರಲ್ಲೋ ಮೈಸೂರಲ್ಲೋ 40,000 ಪೌಂಡ್ ಮೀರಿದ ಫ್ಲ್ಯಾಟ್ ಇದ್ದು, ಇಲ್ಲಿ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹೋಗುತ್ತಿದ್ದರೆ, ಅದು ಸಾಮಾನ್ಯವಾಗಿ ಎರಡನೇ ಮನೆಯೆಂದೇ ಲೆಕ್ಕ. 2025ರ ಏಪ್ರಿಲ್ ದರದಲ್ಲಿ 5 ಲಕ್ಷ ಪೌಂಡಿನ ಮನೆಗೆ ಮೊದಲ ಸಲ ಕೊಳ್ಳುವವರ ಸ್ಟ್ಯಾಂಪ್ ಡ್ಯೂಟಿ 10,000 ಪೌಂಡ್. ಅಂಥ ಫ್ಲ್ಯಾಟ್ ಇದ್ದವರದ್ದು 40,000.

ಮಕ್ಕಳು ಚಿಕ್ಕವರು, ಮನೆ ರಿಪೇರಿಗೆ ವಾರಾಂತ್ಯ ಕೊಡಲಾರೆವು, ಕಡಿಮೆ ಗ್ಯಾಸ್ ಬಿಲ್ಲೇ ಮುಖ್ಯ ಎನ್ನುವವರು ಹೊಸ ಮನೆಗೇ ಹೋಗಿ. ಆದರೆ ಬಿಲ್ಡರ್ 28 ದಿನದಲ್ಲಿ ಕಾಂಟ್ರ್ಯಾಕ್ಟ್ ಆಗಬೇಕು ಅಂತ ಅವಸರ ಮಾಡುತ್ತಾರೆ. ಅದಕ್ಕೆ ಮೊದಲೇ ಟಿಪಿ1ನ ಕರಡು ತರಿಸಿ ಮೂರು ಪ್ರಶ್ನೆ ಹಾಕಿ: ಶುಲ್ಕ ರೆಂಟ್‌ಚಾರ್ಜ್ ರೂಪದಲ್ಲಿದೆಯೇ, 121ನೇ ಸೆಕ್ಷನ್ನನ್ನು ಕೈಬಿಟ್ಟಿದ್ದಾರೆಯೇ, ರಸ್ತೆಯನ್ನು ಕೌನ್ಸಿಲಿಗೆ ಒಪ್ಪಿಸುವ 38ನೇ ಸೆಕ್ಷನ್ ಒಪ್ಪಂದಕ್ಕೆ ಸಹಿಯಾಗಿದೆಯೇ. ಬಿಲ್ಡರೇ ಶಿಫಾರಸು ಮಾಡಿದ ಸಾಲಿಸಿಟರಿಗೆ ಈ ಕೆಲಸ ಕೊಡಬೇಡಿ.