ಜೋಡಿ ಎಕ್ಕ ಬಂದಾಗ: ಸುಮ್ಮನಿರೋದಾ, ಒಂಚೂರು ಏರಿಸೋದಾ, ಜೋರಾಗಿ ಕಟ್ಟೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಜೋರಾಗಿ ಕಟ್ಟುವುದಕ್ಕೇ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಯ ಕಾರ್ಡ್‌ರೂಮುಗಳಲ್ಲಿ (ಇಸ್ಪೀಟು ಆಡಿಸುವ ಜಾಗ) ಶನಿವಾರ ಸಂಜೆ 1-3 ಡಾಲರ್ ಹೋಲ್ಡೆಮ್ ಪೋಕರ್ ಟೇಬಲ್‌ಗೆ ಕೂರುವವನು ನಾನು. ಇದರಲ್ಲಿ ಒಬ್ಬೊಬ್ಬರಿಗೆ ಎರಡೆರಡು ಎಲೆ, ಟೇಬಲ್ ಮೇಲೆ ತೆರೆಯುವ ಐದು ಎಲೆ ಎಲ್ಲರಿಗೂ ಸೇರಿದ್ದು. 1 ಮತ್ತು 3 ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಹಣ, ಅದಕ್ಕೆ ಬ್ಲೈಂಡ್ ಅಂತ ಹೆಸರು. ಜೇಬಿನಲ್ಲಿ 300 ಡಾಲರ್. ಅದು ಮುಗಿದರೆ ಎದ್ದು ಮನೆಗೆ. ಒಳ್ಳೆ ಎಲೆ ಬಂದಾಗ ಮೂರು ದಾರಿಯನ್ನೂ ಆಡಿ ನೋಡಿದ್ದೇನೆ: ಸುಮ್ನೆ 3 ಡಾಲರ್ ಹಾಕಿ ಕಾಯುವುದು, 9-10ಕ್ಕೆ ಏರಿಸುವುದು, 20-25ಕ್ಕೆ ಎತ್ತಿ ಆಮೇಲೂ ಬಿಡದೆ ಕಟ್ಟುತ್ತಾ ಹೋಗುವುದು.

ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಭಕ್ತರು ಜಾಸ್ತಿ. ಯುಗಾದಿ ದಿನ ಚಾಪೆ ಹಾಸಿ ಮೂರೆಲೆ ಆಡಿ ಬೆಳೆದವರು ನಾವು. ಎಲೆ ಚೆನ್ನಾಗಿದ್ದರೆ ಮುಖ ಸಪ್ಪೆ ಮಾಡಿಕೊಳ್ಳಬೇಕು ಅನ್ನುವುದು ಆಗಲೇ ತಲೆಗೆ ಹೋಗಿರುತ್ತದೆ. ಜೊತೆಗೆ ಬರುವ ಮಂಡ್ಯದ ಗೆಳೆಯ ಈಗಲೂ ಹೇಳುತ್ತಾನೆ, "ಎಕ್ಕ ಬಂದದೆ ಅಂತ ಯಾರಾದ್ರೂ ಡಂಗೂರ ಸಾರ್ತಾರಾ ಗುರೂ?" ಅವನ ಲೆಕ್ಕ ಇಷ್ಟೇ: ತಾನು 3 ಹಾಕಿ ಸುಮ್ಮನಿದ್ದರೆ ಹಿಂದಿನವರು ಯಾರಾದರೂ ಏರಿಸುತ್ತಾರೆ, ಆಗ ಅವರ ಮೇಲೆ ಬೀಳಬಹುದು. ಆದರೆ 1-3 ಟೇಬಲ್‌ನಲ್ಲಿ ಏರಿಸುವವರೇ ಕಡಿಮೆ. ಎಲ್ಲರೂ 3 ಹಾಕುತ್ತಾರೆ, ಆರು ಜನ ಫ್ಲಾಪ್ (ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡುತ್ತಾರೆ, ಜೋಡಿ ಎಕ್ಕ ಬರೀ ಒಂದು ಜೋಡಿಯಾಗಿ ಉಳಿಯುತ್ತದೆ. ಜೋಡಿ ಎಕ್ಕ ಬರುವುದು 221 ಕೈಗೆ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಕೈ) ಒಂದು ಸಲ. ಟೇಬಲ್‌ನಲ್ಲಿ ಗಂಟೆಗೆ 25-30 ಕೈ ಆಡಿಸುತ್ತಾರೆ. ಅಂದರೆ ಸರಾಸರಿ ಏಳೆಂಟು ಗಂಟೆಗೊಮ್ಮೆ. ನಾನು ಕೂರುವುದೇ ನಾಲ್ಕೈದು ಗಂಟೆ! ಅಷ್ಟು ಅಪರೂಪಕ್ಕೆ ಬಂದದ್ದನ್ನು 3 ಡಾಲರಿಗೆ ಮಾರುವುದಕ್ಕೆ ನನಗಂತೂ ಮನಸ್ಸಿಲ್ಲ.

ಇನ್ನು 9-10ಕ್ಕೆ ಏರಿಸುವುದು. ಆನ್‌ಲೈನ್ ಆಡಿ ಬಂದವರ ಅಭ್ಯಾಸ ಇದು. ಅಲ್ಲಿ ಬ್ಲೈಂಡಿನ ಮೂರು ಪಟ್ಟು ಏರಿಸಿದರೆ ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಇಲ್ಲಿ ಟ್ರಾಫಿಕ್ ದಾಟಿ ಬಂದವರು ಎಲೆ ಬಿಸಾಡಿ ಕೂರಲು ಬಂದಿರುವುದಿಲ್ಲ. ಒಬ್ಬ ಕಾಲ್ (ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿಯುವುದು) ಅಂದರೆ ಪಕ್ಕದವನೂ ಕಾಲ್, "ಇಷ್ಟು ಜನ ಇದ್ದಾರಲ್ಲ" ಅಂತ ಅವನ ಪಕ್ಕದವನೂ ಕಾಲ್. ಎದುರಿಗೆ ಒಬ್ಬನೇ ಇದ್ದರೆ ಎಕ್ಕದ ಜೋಡಿ ಗೆಲ್ಲುವ ಸಾಧ್ಯತೆ ಸರಾಸರಿ 85%. ಐದು ಜನ ಇದ್ದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಪಾಟ್ (ನಡುವೆ ಕೂಡಿದ ಹಣ) ದೊಡ್ಡದಾಗಿರುತ್ತದೆ, ಹಾಗಾಗಿ ಲೆಕ್ಕದ ಪ್ರಕಾರ ನಷ್ಟವೇನಿಲ್ಲ. ಆದರೆ ಐದು ಜನರಲ್ಲಿ ಯಾರಿಗೆ ಏನು ತಗುಲಿತು ಅಂತ ಹುಡುಕುತ್ತಾ ಕೂರುವ ತಲೆನೋವು ನನಗೆ ಬೇಡ.

ನನ್ನ ಲೆಕ್ಕ: 15, ಜೊತೆಗೆ ಆಗಲೇ 3 ಹಾಕಿದ ಪ್ರತಿಯೊಬ್ಬರಿಗೂ 5. ಇಬ್ಬರು ಹಾಕಿದ್ದರೆ 25. ಎಕ್ಕ-ರಾಜ ಬಂದರೂ, ಜೋಡಿ ರಾಣಿ ಬಂದರೂ ಇಷ್ಟೇ. ಹಾಗಾಗಿ ಗುಟ್ಟು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ.

ಈ ದಾರಿಯಲ್ಲಿ ಒಂದೇ ಒಂದು ಕಿರಿಕಿರಿ ಇದೆ. ಅದು ಲೆಕ್ಕದ್ದಲ್ಲ, ಕೈಯದ್ದು. ಒಂದೇ ದೊಡ್ಡ ಚಿಪ್ಪನ್ನು (ಹಣದ ಬದಲಿನ ಬಿಲ್ಲೆ) ಬಾಯಿ ಬಿಡದೆ ಮುಂದೆ ತಳ್ಳಿದರೆ ಅದು ರೇಸ್ (ಏರಿಸಿದ್ದು) ಅಲ್ಲ, ಬರೀ ಕಾಲ್. ಡೀಲರ್ 3 ಡಾಲರ್ ಇಟ್ಟುಕೊಂಡು ಉಳಿದದ್ದನ್ನು ಎಣಿಸಿ ವಾಪಸ್ ತಳ್ಳುತ್ತಾರೆ. ಒಂದು ಶನಿವಾರ ನನ್ನ ಎಡಗಡೆ ಕೂತಿದ್ದವರಿಗೆ ಹೀಗೇ ಆಯಿತು. ಅವರು "ಇಲ್ಲ, ಏರಿಸಿದ್ದು" ಅಂದರು, ಮೇಲ್ವಿಚಾರಕರನ್ನು ಕರೆಸಿದರು, ಅವರೂ ಕಾಲ್ ಅಂದರು. ಅಷ್ಟರಲ್ಲಿ ಇವರ ಹತ್ತಿರ ದೊಡ್ಡ ಎಲೆ ಇದೆ ಅಂತ ಇಡೀ ಟೇಬಲ್‌ಗೆ ಗೊತ್ತಾಗಿಹೋಗಿತ್ತು. ಗೊತ್ತಾಗಿಯೂ ಎಲ್ಲರೂ 3 ಡಾಲರಿಗೆ ಒಳಗೆ ಬಂದರು!

ಇದರ ಅಣ್ಣ ಇನ್ನೊಂದು ನಿಯಮ ಇದೆ. ಏನೂ ಹೇಳದೆ ಮೊದಲು ಮೂರು ಚಿಪ್ ಇಟ್ಟು, ಮತ್ತೆ ಕೈ ಹಿಂದಕ್ಕೆ ತಂದು ಇನ್ನೆರಡು ಇಡಲು ಹೋದರೆ, ಮೊದಲ ಸಲ ಇಟ್ಟದ್ದು ಮಾತ್ರ ಲೆಕ್ಕ. ಜೋಡಿ ಎಕ್ಕ ನೋಡಿದಾಗ ಬೆರಳು ಒಂಚೂರು ನಡುಗುವುದು ಸಹಜ. ಅಂಥ ಹೊತ್ತಲ್ಲೇ ಚಿಪ್ ಜಾರುವುದು.

ಹಾಗಾಗಿ ಕೈ ಅಲ್ಲಾಡಿಸುವ ಮೊದಲು ನಾನು ಬಾಯಿ ಬಿಡುತ್ತೇನೆ. "ರೇಸ್, 25." ನನ್ನ ಸರದಿಯಲ್ಲಿ ಹೇಳಿದ ಮಾತಿಗೆ ನಾನು ಬದ್ಧ, ಆಮೇಲೆ ಚಿಪ್ ನಿಧಾನ ಎಣಿಸಿದರೂ ನಡೆಯುತ್ತದೆ. ಇದನ್ನು ಪಕ್ಕದ ಗೆಳೆಯನಿಗೆ ಕನ್ನಡದಲ್ಲಿ ಪಿಸುಗುಟ್ಟೋಣ ಅಂದರೆ ಅದೂ ಆಗದು. ಕೈ ನಡೆಯುವಾಗ ಟೇಬಲ್ ಮೇಲೆ ಇಂಗ್ಲಿಷ್ ಮಾತ್ರ. ಬೈಯುವುದೆಲ್ಲ ಪಾರ್ಕಿಂಗ್ ಲಾಟಿನಲ್ಲಿ.

ಫ್ಲಾಪ್ ಬಿದ್ದ ಮೇಲೂ ಇದೇ ಜಗಳ. ಕೈಯಲ್ಲಿ ಜೋಡಿ ಎಂಟು ಅಂದುಕೊಳ್ಳಿ, 15ಕ್ಕೆ ಏರಿಸಿದ್ದಕ್ಕೆ ಮೂವರು ಬಂದು ಪಾಟ್ 60 ಆಗಿದೆ. ಆಟೀನು ರಾಜ, ಇಸ್ಪೀಟು ಎಂಟು, ಆಟೀನು ನಾಲ್ಕು ಬಿತ್ತು. ನಿಮ್ಮದು ಸೆಟ್, ಅಂದರೆ ಮೂರು ಎಂಟು. ಎದುರಿನವರಲ್ಲಿ ಒಬ್ಬನ ಹತ್ತಿರ ರಾಜ-ಗುಲಾಮ ಇದೆ. ಈಗ 45 ಕಟ್ಟಿ, ಅವನೊಬ್ಬ ಬಂದರೆ ಪಾಟ್ 150. ಟರ್ನ್‌ನಲ್ಲಿ (ನಾಲ್ಕನೇ ಎಲೆ) 100, ಪಾಟ್ 350. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಉಳಿದ 140 ಪೂರ್ತಿ. ಕಾರ್ಡ್‌ರೂಮಿನ ಪಾಲು ಬಿಟ್ಟು ನೋಡಿದರೆ, ಅವನ ಮುಂದೆ ಉಳಿದಿದ್ದ 285 ಪೂರ್ತಿ ಒಳಗೆ ಬಂತು. ಅದೇ ಫ್ಲಾಪ್‌ನಲ್ಲಿ ನಾಚಿಕೊಂಡು ಚೆಕ್ ಮಾಡಿ (ಏನೂ ಕಟ್ಟದೆ ಬಿಟ್ಟು), ಟರ್ನ್‌ನಲ್ಲಿ 45, ರಿವರ್‌ನಲ್ಲಿ 110 ಕಟ್ಟಿದರೆ ಸಿಗುವುದು 155. ಇನ್ನೂ 130 ಅವನ ಮುಂದೆಯೇ ಇರುತ್ತದೆ.

ಜೊತೆಗೆ, ಎರಡು ಆಟೀನು ಇಟ್ಟುಕೊಂಡವನಿಗೆ ಚೆಕ್ ಅಂದರೆ ಪುಕ್ಕಟೆ ಎಲೆ. ಮುಂದಿನ ಎಲೆಯಲ್ಲೇ ಅವನ ಫ್ಲಶ್ (ಐದು ಆಟೀನು) ಕೂಡಿಬರುವ ಸಾಧ್ಯತೆ ಸುಮಾರು 19%. ನೀವು 15 ಕಟ್ಟಿದರೆ ಅವನು 75 ಗೆಲ್ಲಲು 15 ಕೊಡುತ್ತಾನೆ, 17% ಸಲ ಗೆದ್ದರೂ ಸಾಕು, ಅವನಿಗದು ಲಾಭದ ವ್ಯಾಪಾರ. 45 ಕಟ್ಟಿದರೆ 30% ಬೇಕು. ಅವನು ಆಗಲೂ ಬರುತ್ತಾನೆ ಅನ್ನುವುದೇ ಈ ಟೇಬಲ್‌ನ ಸೊಗಸು. ಟರ್ನ್‌ನಲ್ಲಿ ಎಕ್ಕ ಬಿದ್ದರಂತೂ ರಾಜ-ಗುಲಾಮದವನಿಗೆ ಹೆದರಿಕೆ ಶುರು, ಆಮೇಲೆ ಅವನು ಕೊಡುವುದಿಲ್ಲ. ಕೊಡುವ ಮನಸ್ಸಿದ್ದಾಗಲೇ ಕೇಳಬೇಕು, ಅಲ್ವಾ?

ದೊಡ್ಡ ಪಾಟ್ ಕಟ್ಟಲು ಇನ್ನೊಂದು ಕಾರಣ: ಕ್ಯಾಲಿಫೋರ್ನಿಯಾದಲ್ಲಿ ಕಾರ್ಡ್‌ರೂಮ್ ತೆಗೆದುಕೊಳ್ಳುವುದು ಪಾಟಿನ ಶೇಕಡಾವಾರು ಪಾಲಲ್ಲ, ಕೈಗೆ ಇಷ್ಟು ಅಂತ ನಿಗದಿ. ಚಿಕ್ಕ ಪಾಟ್ ಗೆದ್ದರೆ ಅದಕ್ಕೂ ಡೀಲರ್ ಟಿಪ್ಪಿಗೂ ಸರಿಹೋಗುತ್ತದೆ.

ಜೋರಾಗಿ ಏರಿಸಿದಾಗ ಎಲ್ಲರೂ ಎಲೆ ಬಿಸಾಡಿ, ಜೋಡಿ ಎಕ್ಕಕ್ಕೆ ಬರೀ 4 ಡಾಲರ್ ಬ್ಲೈಂಡ್ ಸಿಗುವುದೂ ಉಂಟು. ಹೊಟ್ಟೆ ಉರಿಯುತ್ತದೆ, ಅಷ್ಟೇ.

ಸುಮ್ಮನಿರುವುದು ಪೂರ್ತಿ ದಂಡ ಅಂತಲ್ಲ. ಹಿಂದೆ ಕೂತವನು ಪ್ರತಿ ಕೈಗೂ ಏರಿಸುವ ಆಸಾಮಿಯಾದರೆ 3 ಹಾಕಿ ಕಾಯಬಹುದು. ನಾಲ್ಕೂ ಎಂಟು ನನ್ನ ಕಡೆಯೇ ಬಂದರೆ ಎದುರಿನವನಿಗೆ ಏನಾದರೂ ಕೂಡಲಿ ಅಂತ ಒಂದು ಸುತ್ತು ಬಿಡುತ್ತೇನೆ. ಮಂಡ್ಯದವನು ದೊಡ್ಡ ಮೊತ್ತ ತಂದು ಬೆಳಗಿನವರೆಗೂ ಕೂರುತ್ತಾನೆ, ಅವನಿಗೆ ಕಾಯುವುದು ಒಗ್ಗುತ್ತದೆ. 300 ತಂದು ಹನ್ನೊಂದಕ್ಕೆ ಏಳುವ ನನಗೆ 25 ಡಾಲರ್ ರೇಸೇ ಸರಿ. ಒಂದೇ ಕಡೆ ಕೈ ಬಿಡುತ್ತೇನೆ: ಸಂಜೆಯಿಡೀ 3 ಹಾಕುತ್ತಾ ಕೂತಿದ್ದ ಅಜ್ಜ ಟರ್ನ್‌ನಲ್ಲಿ ನನ್ನ ಬೆಟ್ಟಿನ ಮೇಲೆ ಏರಿಸಿದರೆ, ಬರೀ ಜೋಡಿ ಎಕ್ಕ ಇದ್ದರೂ ಎಲೆ ಡೀಲರ್ ಕಡೆಗೆ.