ಹಿಂಗಾಲು ತೆಗೆದ ನಾಯಿಗೆ ಟವೆಲ್ಲೋ ಸ್ಲಿಂಗೋ ಹಾರ್ನೆಸ್ಸೋ: ಎಲ್ಲಾ ಕಟ್ಟಿ ನೋಡಿದ್ಮೇಲೆ

ಪೀಠಿಕೆ ಬೇಡ, ನನ್ನ ವೋಟು ವೆಸ್ಟ್ ಥರದ ಹಾರ್ನೆಸ್ಸಿಗೆ. ಎದೆಯಿಂದ ಶುರುವಾಗಿ ಪಕ್ಕೆಲುಬು ಮುಗಿಯೋವರೆಗೂ ಬರತ್ತಲ್ಲ, ಹೊಟ್ಟೆ ಕೆಳಗೆ ಎರಡು ಮೂರು ಪಟ್ಟಿ, ಬೆನ್ನ ಮೇಲೆ ಒಂದು ಗಟ್ಟಿ ಹಿಡಿ, ಅದು. ಮೊದಲ ಕೆಲವು ದಿನಕ್ಕೆ ಮಾತ್ರ ಮನೇಲಿರೋ ಹಳೇ ಟವೆಲ್. ಇನ್ನು ಆಪರೇಷನ್ ಆದ ನಾಯಿಗಳಿಗೇ ಅಂತ ಮಾರೋ, ಹಿಂಭಾಗ ಎತ್ತೋ ರೆಡಿಮೇಡ್ ಸ್ಲಿಂಗ್ ಇದ್ಯಲ್ಲ, ಗಂಡು ನಾಯಿ ಇರೋರು ಅದಕ್ಕೆ ದುಡ್ಡು ಹಾಕೋ ಮುಂಚೆ ಇದನ್ನ ಒಂದ್ಸಲ ಓದ್ಬಿಡಿ.

ನಮ್ದು ಕರಿಯ. ಗಂಡು, ಸುಮಾರು 30 ಕೆಜಿ, ಗಾಡಿ ಹೊಡೆದು ಎಡ ಹಿಂಗಾಲನ್ನ ಸೊಂಟದ ಹತ್ರದವರೆಗೂ ಪೂರ್ತಿ ತೆಗೀಬೇಕಾಯ್ತು. ಗಂಡೋ ಹೆಣ್ಣೋ, ತೂಕ ಎಷ್ಟು, ಹೋಗಿರೋದು ಮುಂಗಾಲೋ ಹಿಂಗಾಲೋ, ಈ ಮೂರರಲ್ಲಿ ಒಂದು ಬದಲಾದ್ರೂ ನಾನು ಹೇಳೋದು ನಿಮಗೆ ಹೊಂದದೇ ಇರಬಹುದು, ಅದಕ್ಕೇ ಮೊದಲೇ ಹೇಳಿದೆ. ನಾಯಿ ಸುಮ್ನೆ ನಿಂತಾಗ ಅದರ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲೇ ಬೀಳೋದು, ಹಿಂದಿನ ಎರಡಕ್ಕೂ ಸೇರಿ 40 ಅಷ್ಟೇ. ಹಾಗಾಗಿ ಹಿಂಗಾಲು ಹೋದ ನಾಯಿಗೆ ನಿಲ್ಲೋದು ಅಷ್ಟು ಕಷ್ಟ ಅಲ್ಲ, ಎಷ್ಟೋ ನಾಯಿಗಳು ಮಾರನೇ ದಿನಾನೇ ಎದ್ದು ಕುಪ್ಪಳಿಸಿಕೊಂಡು ಹೋಗ್ತವೆ. ಕಷ್ಟ ಇರೋದು ಏಳುವಾಗ, ತಿರುಗುವಾಗ, ಮೆಟ್ಟಿಲು ಹತ್ತುವಾಗ, ಆಮೇಲೆ ನುಣ್ಣನೆ ನೆಲದ ಮೇಲೆ. ನಾವು ಕಟ್ಟೋ ಬೆಲ್ಟು ಈ ನಾಲ್ಕಕ್ಕೆ ಆದ್ರೆ ಸಾಕು, ದಿನವಿಡೀ ನೇತಾಡಿಸ್ಕೊಂಡು ಓಡಾಡೋದೇನೂ ಬೇಕಾಗಲ್ಲ.

ಟವೆಲ್ ಬಗ್ಗೆ. ಉದ್ದನೇ ಸ್ನಾನದ ಟವೆಲ್ ಹೊಟ್ಟೆ ಕೆಳಗಿಂದ ತೂರಿಸಿ ಎರಡೂ ತುದಿ ಬೆನ್ನ ಮೇಲೆ ಒಟ್ಟಿಗೆ ಹಿಡ್ಕೊಳ್ಳೋದು. ಬಿಟ್ಟಿ, ಒಗೀಬಹುದು, ಒದ್ದೆಯಾದ್ರೆ ಇನ್ನೊಂದು ತಗೋಬಹುದು. ಔಷಧಿ ಮತ್ತಲ್ಲಿ ತೂರಾಡ್ತಿರೋ ನಾಯಿಗೆ ಇದಕ್ಕಿಂತ ಬೇರೆ ಬೇಡ. ತೊಂದರೆ ಏನಂದ್ರೆ ನಾಲ್ಕು ಹೆಜ್ಜೆ ಹಾಕೋ ಅಷ್ಟ್ರಲ್ಲಿ ಮಧ್ಯ ಸುರುಳಿ ಸುತ್ಕೊಂಡು ಸಣ್ಣಗಾಗಿ ಹೊಟ್ಟೆಗೆ ಒತ್ತಕ್ಕೆ ಶುರುವಾಗತ್ತೆ, ಮತ್ತೆ ನಿಲ್ಲಿಸಿ ಬಿಡಿಸಬೇಕು. ಎತ್ತರ ಇರೋರ ಸೊಂಟ ಬಿದ್ದೇ ಹೋಗತ್ತೆ, ಟವೆಲ್ ಗಿಡ್ಡ. ಹಳೇ ಬೆಡ್‌ಶೀಟ್ ಮಡಚಿ ಹಾಕಿದ್ರೆ ಉದ್ದ ಸಿಗತ್ತೆ ಆದ್ರೆ ಇನ್ನೂ ಬೇಗ ಸುರುಳಿ ಸುತ್ಕೊಳ್ಳತ್ತೆ.

ಈಗ ಆ ಸ್ಲಿಂಗ್.

ನೋಡೋಕೆ ಚೆನ್ನಾಗೇ ಇದೆ. ಒಂದು ಗೇಣಿಗಿಂತ ಅಗಲದ ಪಟ್ಟಿ, ಒಳಗಡೆ ಫೋಮ್, ಅದರ ಮೇಲೆ ಮೆತ್ತನೆ ಉಣ್ಣೆ ಥರದ ಬಟ್ಟೆ, ಎರಡೂ ಕಡೆ ಉದ್ದಕ್ಕೆ ಗಿಡ್ಡಕ್ಕೆ ಮಾಡ್ಕೊಳ್ಳೋ ಹಿಡಿ. ಬಗ್ಗೋದು ಬೇಡ, ಸುರುಳಿ ಸುತ್ತಲ್ಲ, ಟವೆಲ್ಲಿನ ಎರಡೂ ತೊಂದರೆ ಹೋಯ್ತು. ಕರಿಯನ್ನ ಬಾಗಿಲ ತನಕ ಆರಾಮಾಗಿ ಕರ್ಕೊಂಡು ಹೋದ್ವಿ, ಆಚೆ ನಿಲ್ಲಿಸಿದ್ವಿ, ಅವನು ನಿಂತ. ನಿಂತೇ ಇದ್ದ. ಸ್ವಲ್ಪ ಮುಂದೆ ಹೋಗಿ ಮೂಸಿ ಮತ್ತೆ ನಿಂತ. ಉಚ್ಚೆ ಮಾತ್ರ ಇಲ್ಲ.

ಆಮೇಲೆ ಕೆಳಗೆ ಬಗ್ಗಿ ನೋಡಿದ್ರೆ ಅರ್ಥ ಆಯ್ತು. ಗಂಡು ನಾಯಿಗೆ ಉಚ್ಚೆ ಬರೋ ಜಾಗ ಹಿಂಗಾಲುಗಳಿಗಿಂತ ಮುಂದೆ, ಹೊಟ್ಟೆ ಕೆಳಗೇನೇ ಇರೋದು, ಈ ಪಟ್ಟಿ ಕೂರೋದೂ ಕರೆಕ್ಟಾಗಿ ಅಲ್ಲೇ. ಅಂದ್ರೆ ಎತ್ತಿದಷ್ಟೂ ನಾವೇ ಅದನ್ನ ಮುಚ್ಚಿ ಒತ್ತಿ ಹಿಡ್ಕೊಂಡಿರ್ತೀವಿ. ಅಷ್ಟಾದ್ರೂ ಅವನು ತಡ್ಕೊಳ್ಳೋಕಾಗದೆ ಬಿಟ್ಟ ಅಂತಿಟ್ಕೊಳ್ಳಿ, ಅದೆಲ್ಲಾ ಫೋಮಿಗೆ ಹೋಗತ್ತೆ. ಫೋಮ್ ಕುಡಿದಷ್ಟು ಬೇಗ ಒಣಗಲ್ಲ, ಮೇಲಿನ ಉಣ್ಣೆ ಒಣಗಿದ ಹಾಗೆ ಅನ್ಸತ್ತೆ, ಅದುಮಿದ್ರೆ ಒಳಗಿಂದ ಬರತ್ತೆ. ವಾಸನೆ ಒಂದು ಕಡೆ ಇರ್ಲಿ, ಆ ಒದ್ದೆ ಪಟ್ಟಿ ಗಾಯದಿಂದ ಸ್ವಲ್ಪಾನೇ ದೂರ, ಹೊಲಿಗೆ ಬಿಚ್ಚೋ ತನಕ ಅಂದ್ರೆ ಸಾಮಾನ್ಯವಾಗಿ 10ರಿಂದ 14 ದಿನ ಆ ಜಾಗ ಒದ್ದೆ ಆಗೋ ಹಾಗೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ಆಚೆ ಹೋಗೋ ನಾಯಿಗೆ ಒಂದೇ ಸ್ಲಿಂಗ್ ಸಾಲಲ್ಲ, ಎರಡು ತಗೊಂಡ್ರೆ ಆ ದುಡ್ಡಲ್ಲಿ ವೆಸ್ಟೇ ಬರತ್ತೆ.

ಪಟ್ಟೀನ ಮುಂದಕ್ಕೆ ಸರಿಸಿ ಅಂತ ಕೆಲವರು ಹೇಳ್ತಾರೆ. ಸರಿಸಿದ್ವಿ. ಹೊಟ್ಟೆ ಮಧ್ಯಕ್ಕೆ ಬಂತು, ಎತ್ತಿದ ತಕ್ಷಣ ಬೆನ್ನು ಬಿಲ್ಲಿನ ಹಾಗೆ ಬಾಗಿ ಹಿಂಭಾಗ ಕೆಳಗೇ ಉಳೀತು, ಎತ್ತೋ ಉದ್ದೇಶಾನೇ ಹೋಯ್ತು. ಹಿಂದಕ್ಕೆ ಸರಿಸಿದ್ರೆ ಎಡಗಡೆ ಅಂಚು ಸೀದಾ ಹೊಲಿಗೆ ಮೇಲೆ. ಇದರ ಜೊತೆಗೆ ಇನ್ನೊಂದು ವಿಷಯ, ಕರಿಯ ಮೊದಲಿಂದಾನೂ ಕಾಲೆತ್ತಿ ಹುಯ್ಯೋನು, ಈಗ ಎಡಗಡೆ ಎತ್ತೋಕೆ ಹೋಗ್ತಾನೆ, ಸೊಂಟದ ಮಾಂಸ ಮಾತ್ರ ಅಲ್ಲಾಡತ್ತೆ, ಕಾಲೇ ಇಲ್ಲ, ಇರೋ ಬಲಗಾಲು ಎತ್ತಿದ್ರೆ ಬೀಳ್ತಾನೆ. ಹೆಣ್ಣು ನಾಯಿ ಥರ ಸ್ವಲ್ಪ ಕೂತು ಹುಯ್ಯೋದನ್ನ ಅವನೇ ಕಂಡ್ಕೋಬೇಕು, ಆದ್ರೆ ಹೊಟ್ಟೆ ಕೆಳಗೆ ಪಟ್ಟಿ ಇಟ್ಟು ಮೇಲಕ್ಕೆ ಎಳೀತಿದ್ರೆ ಕೂರೋದಾದ್ರೂ ಹೇಗೆ.

ಉಚ್ಚೆ ವಿಷಯಕ್ಕೆ ಇಷ್ಟೊಂದು ಬರೀಬೇಕಾ ಅನ್ಬೇಡಿ. ಆಪರೇಷನ್ನಿಗೆ ಕೊಡೋ ಮಾರ್ಫಿನ್ ಜಾತಿಯ ನೋವಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ಮೊದಲೇ ಉಚ್ಚೆ ಕಟ್ಕೊಳ್ಳತ್ತೆ. "24 ಗಂಟೆ ಹುಯ್ಯಲಿಲ್ಲ ಅಂದ್ರೆ ಕಾಯ್ಬೇಡಿ, ಫೋನ್ ಮಾಡಿ" ಅಂತ ಡಾಕ್ಟ್ರು ಹೇಳಿ ಕಳಿಸಿದ್ರು. ಕಟ್ಕೊಂಡಿರೋದು ಔಷಧಿಯಿಂದಾನೋ ಈ ದರಿದ್ರ ಪಟ್ಟಿಯಿಂದಾನೋ ಅಂತ ಲೆಕ್ಕ ಹಾಕ್ಕೊಂಡು ಕೂರೋದು ಯಾರಿಗೆ ಬೇಕು ಹೇಳಿ. ಸ್ಲಿಂಗ್ ಬಿಚ್ಚಿ ಪಕ್ಕಕ್ಕೆಸೆದು, ಅಮ್ಮ ಮುಂದೆ ನಿಂತು ಮಾತಾಡಿಸ್ತಾ, ನಾನು ಬಾಲದ ಬುಡದಲ್ಲಿ ಎರಡೂ ಕಡೆ ಮೆಲ್ಲಗೆ ಕೈ ಕೊಟ್ಟು ಹಿಡ್ಕೊಂಡ್ವಿ, ಒಂದು ಸಣ್ಣ ಕೆರೆಯಷ್ಟು ಹುಯ್ದ. (ಕಕ್ಕ ಬೇರೆ ವಿಷಯ, ಎರಡು ಮೂರು ದಿನ, ಕೆಲವಕ್ಕೆ ನಾಲ್ಕು ದಿನ ಆದ್ರೂ ಮಾಡಲ್ಲ, ಅದೇ ಔಷಧಿ ಮಲಬದ್ಧತೆ ಮಾಡತ್ತೆ, ಅದಕ್ಕೆ ಅಷ್ಟು ಗಾಬರಿ ಬೇಡ.)

ಹೆಣ್ಣು ನಾಯಿಗೆ ಈ ಗೋಳಿಲ್ಲ, ಅದಕ್ಕೆ ಹಿಂದಿಂದ ಬರತ್ತೆ. ಫ್ರೆಂಡ್ ಮನೆ ಹೆಣ್ಣು ಲ್ಯಾಬ್ರಡಾರ್‌ಗೆ ಇಂಥದ್ದೇ ಸ್ಲಿಂಗ್, ಅವರು ಹೊಗಳಿದ್ದೇ ಹೊಗಳಿದ್ದು. ಸರಿ, ಅವರಿಗೆ ಸರಿ.

ಮೂರನೇದು ಎರಡು ಪೀಸಿನ ಹಾರ್ನೆಸ್ಸು, ಎದೆಗೊಂದು ಸೊಂಟಕ್ಕೊಂದು, ಮಧ್ಯ ಪಟ್ಟಿಯಿಂದ ಸೇರಿಸೋದು, ಎರಡು ಹಿಡಿ. ಎಲ್ಲಕ್ಕಿಂತ ದುಬಾರಿ ಇದೇ. ವಯಸ್ಸಾಗಿ ಎರಡೂ ಹಿಂಗಾಲು ಸೋತಿರೋ ನಾಯಿಗೆ ನಿಜವಾಗ್ಲೂ ಒಳ್ಳೇದು. ಸೊಂಟದ ಪೀಸು ನಿಲ್ಲೋದು ಎರಡೂ ತೊಡೆಗೆ ಸುತ್ತೋ ಕುಣಿಕೆ ಮೇಲೆ. ನಮ್ಮವನಿಗೆ ಇರೋದು ಒಂದೇ ತೊಡೆ. ಎಡಗಡೆ ಕುಣಿಕೆಗೆ ಹಿಡ್ಕೊಳ್ಳೋಕೆ ಏನೂ ಇಲ್ಲ, ನಡೀತಾ ನಡೀತಾ ಇಡೀ ಪೀಸು ಎಡಕ್ಕೆ ತಿರುಗಿ ಬೆನ್ನ ಮೇಲಿರಬೇಕಾದ ಹಿಡಿ ಪಕ್ಕೆಗೆ ಬರತ್ತೆ, ಕುಣಿಕೆ ಗಾಯ ಉಜ್ಜತ್ತೆ. ಕಾಲಿಲ್ಲದ ಕಡೆಗೆ ಬೇರೆ ಥರ ಹೊಲಿದಿರೋದೂ ಬರತ್ತೆ, ತಗೊಳ್ಳೋದಾದ್ರೆ ಅದನ್ನೇ ಕೇಳಿ ತಗೊಳ್ಳಿ, ಮಾಮೂಲಿದು ಬೇಡ. ನಾವು ಕಡ ತಂದು ನೋಡಿದ್ದು, ವಾಪಸ್ ಕೊಟ್ಟೆ.

ವೆಸ್ಟ್ ಗೆಲ್ಲೋದು ಇಲ್ಲೇ. ಅದು ನಿಲ್ಲೋದು ಎರಡು ಮುಂಗಾಲು ಮತ್ತೆ ಪಕ್ಕೆಲುಬಿನ ಮೇಲೆ, ಅವೆಲ್ಲ ಗಟ್ಟಿಮುಟ್ಟಾಗೇ ಇವೆ, ಹಾಗಾಗಿ ತಿರುಗಲ್ಲ. ಗಾಯ ಇರೋ ಕಡೆಗೆ ಹೋಗೋದೇ ಇಲ್ಲ, ಹೊಲಿಗೆ ಇದ್ದಾಗಲೇ ಹಾಕ್ಬಹುದು. ಕೊನೇ ಪಟ್ಟಿ ಪಕ್ಕೆಲುಬು ಮುಗಿಯೋ ಹತ್ರ ನಿಲ್ಲತ್ತೆ, ಉಚ್ಚೆ ದಾರಿಗೆ ಅಡ್ಡ ಬರಲ್ಲ, ಸೈಜ್ ದೊಡ್ಡದು ತಗೊಂಡ್ರೆ ಮಾತ್ರ ಬರತ್ತೆ. ಹಿಡಿ ಹಿಡ್ಕೊಂಡ್ರೆ ಬೀಳೋ ಮುಂಚೆ ತಡೀಬಹುದು, ಕಾರಿಗೆ ಹತ್ತಿಸೋವಾಗ ಒಂದು ಕೈ ಹಿಡಿಯಲ್ಲಿ ಇನ್ನೊಂದು ಕೈ ಬುಡಕ್ಕೆ ಕೊಟ್ರೆ ಆಯ್ತು. ಆಪರೇಷನ್ ಆಗಿ ಎಷ್ಟೋ ದಿನ ಆದ್ರೂ ಮೆಟ್ಟಿಲಿಗೆ ಈಗ್ಲೂ ಇದೇ.

ಕುಂದಿಲ್ಲ ಅಂತಲ್ಲ. ಹಿಡಿ ಬೆನ್ನಿನ ಮಧ್ಯದಲ್ಲಿರೋದ್ರಿಂದ ಹಿಂಭಾಗ ನೇರವಾಗಿ ಎತ್ತಲ್ಲ, ಅದಕ್ಕೇ ಮೊದಲ ದಿನಗಳಿಗೆ ಟವೆಲ್ ಅಂದಿದ್ದು. ಸೆಖೆ ಆಗತ್ತೆ, ಮನೆ ಒಳಗೆ ಬಿಚ್ಚಿಡಿ. ಮುಂಗಾಲಿನ ಕಂಕುಳಲ್ಲಿ ಉಜ್ಜಿ ಕೆಂಪಾಗತ್ತಾ ಅಂತ ದಿನಾ ಬೆರಳು ಹಾಕಿ ನೋಡಬೇಕು, ಮುಂಚೆಗಿಂತ ಜಾಸ್ತಿ ಭಾರ ಹೊರ್ತಿರೋದು ಆ ಕಾಲುಗಳೇ. ಮುಂಗಾಲು ಹೋಗಿರೋ ನಾಯಿಯಾದ್ರೆ ಲೆಕ್ಕ ಉಲ್ಟಾ, ವೆಸ್ಟು ಹೋಗಿ ಕೂರೋದೇ ಗಾಯದ ಮೇಲೆ, ಹೊಲಿಗೆ ಬಿಚ್ಚೋ ತನಕ ಕಾಯ್ಬೇಕು.

ಗಾಯ ನೆಕ್ಕದೇ ಇರೋಕೆ ಏನು ಹಾಕೋದು ಅಂತನೂ ಒಂದು ಜಗಳ ಇದೆ, ಚಿಕ್ಕದಾಗಿ ಹೇಳ್ತೀನಿ. ಕುತ್ತಿಗೆ ಸುತ್ತ ಹಾಕೋ ಪ್ಲಾಸ್ಟಿಕ್ ಕೋನೇ ಗಟ್ಟಿ, ಆದ್ರೆ ಮೂರು ಕಾಲಲ್ಲಿ ಬ್ಯಾಲೆನ್ಸ್ ಕಲೀತಿರೋ ನಾಯಿ ಅದನ್ನ ಬಾಗಿಲಿಗೆ ಮೆಟ್ಟಿಲಿಗೆ ತಗುಲಿಸ್ಕೊಂಡು ಬೀಳತ್ತೆ, ಜೊತೇಲಿ ಇರಬೇಕು. ಗಾಳಿ ತುಂಬೋ ಟ್ಯೂಬ್ ಥರದ್ದು ಆರಾಮ, ಆದ್ರೆ ಮೂತಿ ಉದ್ದ ಇರೋ ನಾಯಿ ಅದನ್ನ ಹಾಕ್ಕೊಂಡೇ ಸೊಂಟಕ್ಕೆ ಬಾಯಿ ಹಾಕತ್ತೆ, ಹಿಂಗಾಲಿಗೆ ಅದನ್ನ ನಂಬ್ಬೇಡಿ. ಬಟ್ಟೆ ಸೂಟ್ ಹಗಲಿಗೆ ಚೆನ್ನಾಗಿದೆ, ಗಂಡು ನಾಯಿಗೆ ಆಚೆ ಹೋಗೋವಾಗೆಲ್ಲ ಹಿಂದಿನ ಗುಂಡಿ ಬಿಚ್ಚಬೇಕು. ರಾತ್ರಿ ಕೋನ್, ಹಗಲು ಯಾರಾದ್ರೂ ಎದುರಿಗಿದ್ದಾಗ ಸೂಟ್, ನಮಗೆ ಹೊಂದಿದ್ದು ಹಾಗೆ.

ನೆಲ. ಇದಕ್ಕೆ ಬೇಕಾದ್ರೆ ಹಾರ್ನೆಸ್ಸಿಗಿಂತ ಮೊದಲು ದುಡ್ಡು ಹಾಕಿ. ಯೋಗಾ ಮ್ಯಾಟ್ ಅಗ್ಗ, ಹಿಡಿತ ಚೆನ್ನಾಗಿದೆ, ಅಂಚು ಮೇಲೇಳತ್ತೆ, ಕೆಳಗೆ ಟೇಪ್ ಹಾಕಿ. ಒಂದಕ್ಕೊಂದು ಸೇರಿಸೋ ಫೋಮ್ ಚೌಕ ನಮ್ಮನೇಲಿ ಅವನೇ ಕಿತ್ತು ಕಚ್ಚಿ ಹಾಕಿದ. ರಬ್ಬರ್ ಬುಡದ ಉದ್ದನೇ ಕಾರ್ಪೆಟ್ ಅತ್ಯುತ್ತಮ, ಆದ್ರೆ ಇಡೀ ಮನೆಗೆ ಹಾಸೋಕಾಗತ್ತಾ, ಅವನ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿ ಅಂತ ಮಾಡಿದ್ರೆ ಸಾಕು, ಅವನೇ ಆ ದಾರಿ ಬಿಟ್ಟು ಇಳಿಯಲ್ಲ. ಸಾಕ್ಸ್ ತಿರುಗಿ ಹೋಗತ್ತೆ, ವೇಸ್ಟ್. ಉಗುರು ಕತ್ತರಿಸಿ, ಪಾದದ ಅಡಿ ಬೆಳೆದಿರೋ ಕೂದಲು ಟ್ರಿಮ್ ಮಾಡಿ, ಖರ್ಚಿಲ್ದೆ ಅರ್ಧ ಜಾರಾಟ ಕಮ್ಮಿ ಆಗತ್ತೆ.

ಐಸ್ ಪ್ಯಾಕಲ್ಲಿ ಹೋಲಿಸೋಕೇನೂ ಇಲ್ಲ, ಡಾಕ್ಟ್ರು ಹೂಂ ಅಂದ್ರೆ ಮೊದಲ ಎರಡು ಮೂರು ದಿನ ಮಧ್ಯ ಬಟ್ಟೆ ಇಟ್ಟು 10-15 ನಿಮಿಷ, ಯಾವುದಾದ್ರೂ ಆಗತ್ತೆ. ನೋವಿನ ಮಾತ್ರೆಗೂ ಹೋಲಿಕೆ ಇಲ್ಲ, ಅವರು ಬರೆದಿದ್ದೇ ಕೊಡಿ, ಮನುಷ್ಯರ ಐಬುಪ್ರೊಫೆನ್ ಪ್ಯಾರಾಸಿಟಮಾಲ್ ಅಂತ ನೀವೇ ಕೊಡೋಕೆ ಹೋಗ್ಬೇಡಿ, ನಾಯಿಗೆ ವಿಷ ಆಗತ್ತೆ.

ದುಡ್ಡಿನ ಲೆಕ್ಕ ನನ್ನದು ಹೀಗಿದೆ. ನಮ್ಮನೆಗೆ ಮೆಟ್ಟಿಲಿದೆ, ನನಗೆ ಸೊಂಟ ನೋವಿದೆ, ದಿನಾ ಎತ್ತಿ ಇಳಿಸೋಳು ನಾನೇ, ಹಾಗಾಗಿ ವೆಸ್ಟಿಗೆ ಹಾಕಿದ ದುಡ್ಡು ಹೊರೆ ಅನ್ನಿಸಲಿಲ್ಲ. ನೆಲಮಟ್ಟದ ಮನೆ, ಹತ್ತು ಹನ್ನೆರಡು ಕೆಜಿ ನಾಯಿ ಇದ್ರೆ ಟವೆಲ್ಲಲ್ಲೇ ಮುಗಿಸಿ, ಉಳಿದಿದ್ದನ್ನ ಕಾರ್ಪೆಟ್ಟಿಗೆ ಹಾಕಿ. ಮೂಳೆ ಕ್ಯಾನ್ಸರಿಗೆ ಕಾಲು ತೆಗೆಸಿರೋರು ಕಾದು ನೋಡೋಣ ಅಗ್ಗದ್ದು ನೋಡೋಣ ಅನ್ನದೆ ಮೊದಲ ವಾರವೇ ಒಳ್ಳೇದೊಂದು ತಗೊಳ್ಳಿ, ನೋಡಿ ನೋಡಿ ಕೊಳ್ಳೋಕೆ ನಿಮ್ಮ ನಾಯಿ ಹತ್ರ ಅಷ್ಟು ಟೈಮ್ ಇರಲ್ಲ. ಎದೆ ಸುತ್ತಳತೆ ಟೇಪಲ್ಲಿ ಅಳೆದೇ ಆರ್ಡರ್ ಮಾಡಿ, ತೂಕ ನೋಡಿ ಸೈಜ್ ಹೇಳೋ ಚಾರ್ಟ್ ನಂಬ್ಬೇಡಿ, ಎರಡು ಸೈಜಿನ ಮಧ್ಯ ಬಂದ್ರೆ ಚಿಕ್ಕದೇ ತಗೊಳ್ಳಿ, ಹೇಗೂ ಮೂರು ಕಾಲಿನ ನಾಯಿ ದಪ್ಪ ಆಗೋ ಹಾಗಿಲ್ಲ.

ಸ್ಲಿಂಗ್ ಒಗೆದು ಬಿಸಿಲಲ್ಲಿ ಒಣಗಿಸಿ ಇಟ್ಟಿದೀನಿ, ಹೆಣ್ಣು ನಾಯಿ ಇರೋರು ಯಾರಿಗಾದ್ರೂ ಬೇಕಿದ್ರೆ ಹೇಳಿ.